ಸೆನ್ಸರಿನ ಮೂಗಿಗೆ ವಿಭೂತಿ

ಸ್ನೇಹಿತರೇ, ನಮ್ಮ ಹಳೇ ಕ್ಯಾಂಪರ್ ವ್ಯಾನಿಗೆ ಇವತ್ತು ಬೆಳಿಗ್ಗೆ ನಾನೇ ಹೊಸ ಆಕ್ಸಿಜನ್ ಸೆನ್ಸರ್ ಹಾಕಿದೆ. ಸೈಲೆನ್ಸರ್ ಪೈಪಿನೊಳಗೆ ಮೂಗು ತೂರಿಸಿ ಹೊಗೆ ಪರೀಕ್ಷೆ ಮಾಡೋ ಸಾಮಾನದು. ಆದರೂ ಮುಂದೆ ಉರೀತಿದ್ದ ಇಂಜಿನ್ ವಾರ್ನಿಂಗ್ ಲೈಟ್ ಆರಲಿಲ್ಲ. ವೈರು, ಫ್ಯೂಸು ಎಲ್ಲ ನೋಡಿದೆ. ಡೂಪ್ಲಿಕೇಟ್ ಕೊಟ್ಟೀರಿ ಅಂತ ಅಂಗಡಿಯವರ ಜೊತೆ ಫೋನಲ್ಲಿ ಜಗಳಾನೂ ಆಡಿದೆ.

ಹರಿಹರದ ಹೊಳೆ ದಂಡೇಲಿ ಊಟ ಅಂತ ಅವ್ವ ಆಗಲೇ ಬುತ್ತಿ ಕಟ್ಕೊಂಡು ವ್ಯಾನಲ್ಲಿ ಕೂತಿದ್ದಳು.

ಪೈಪು ಆರಿದ ಮೇಲೆ ಸೆನ್ಸರ್ ಬಿಚ್ಚಿದೆ. ತುದಿಯ ಸಣ್ಣ ತೂತುಗಳೆಲ್ಲ ಬೆಳ್ಳಗೆ ಮುಚ್ಚಿದ್ದವು. ಬೆಳಿಗ್ಗೆ ಹಾಕುವಾಗ ಇದನ್ನ ಕಂಪನಿಯವರೇ ಹಚ್ಚಿದ ಪೇಸ್ಟ್ ಅಂದ್ಕೊಂಡಿದ್ದೆ. ಈಗ ನೋಡಿದರೆ ಮೂರು ಪಟ್ಟೆ!

"ಅವ್ವಾ, ಇದಕ್ಕೆ ವಿಭೂತಿ ಹಚ್ಚಿದ್ಯಾ?"

"ಮತ್ತೆ? ಹೊಸ ಸಾಮಾನು ಪೂಜೆ ಇಲ್ದಂಗ ಹಾಕ್ತಾರೇನೋ?"

"ಅದು ಇದರ ಮೂಗವ್ವಾ!"

"ಹಣೆ ಯಾವ್ದು, ಮೂಗು ಯಾವ್ದು ಅಂತ ನಂಗೇನು ಗೊತ್ತು?"

ಒರೆಸಿ, ಊದಿ, ಮತ್ತೆ ಹಾಕಿದೆ. ಲೈಟ್ ಆರಿತು. ಅಂಗಡಿಯವರಿಗೆ ಫೋನ್ ಮಾಡಿ, ವಿಭೂತಿ ಕಥೆ ಹೇಳಿ, ತಪ್ಪಾಯ್ತು ಅಂದೆ. ಅವರು ನಕ್ಕು, "ಅವ್ವಾರಿಗೆ ಬೈಬ್ಯಾಡ್ರಿ, ಸೆನ್ಸರ್ ಬಂದ ಬಾಕ್ಸಿಗೆ ಹಚ್ಚಿದ್ರೆ ಸಾಕಿತ್ತು" ಅಂದರು.

ಸ್ಪೀಕರ್ ಆನ್ ಇತ್ತು.

ಈಗ ಹೊಳೆ ದಂಡೇಲಿ ರೊಟ್ಟಿ ತಿಂತಿದ್ದೀವಿ. ಡ್ಯಾಶ್‌ಬೋರ್ಡ್ ಮೇಲೆ ವಿಭೂತಿ ಹಚ್ಚಿದ ಖಾಲಿ ಬಾಕ್ಸ್ ಐತೆ. ಅವ್ವನ ಪ್ರಕಾರ ವ್ಯಾನ್ ಇಲ್ಲಿವರೆಗೂ ಬಂದಿದ್ದು ಅದರಿಂದಲೇ ಅಂತೆ.