ಅತ್ತೆಯ ಕಾಲಡಿಯ ಉಪ್ಪು

ಆ ಕಾರನ್ನು ಮೊದಲು ನೋಡಿದವನು ನಾನು. ಇಷ್ಟು ವರ್ಷವಾದರೂ ಈ ಮಾತನ್ನೇ ಮೊದಲು ಹೇಳಬೇಕೆನ್ನಿಸುತ್ತದೆ, ಏಕೆಂದರೆ ನಮ್ಮ ಮನೆಯಲ್ಲಿ ಯಾರೂ ಇದನ್ನು ನೆನಪಿಟ್ಟುಕೊಂಡಿಲ್ಲ. ಎಲ್ಲರ ಬಾಯಲ್ಲೂ ಅದು ನನ್ನ ಷಡ್ಡಕನ ಕಾರು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನ ಕಾರು.

ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ಜಯನಗರದಲ್ಲಿ ನಾವು ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ಎದುರಿನ ಸೈಟು ಖಾಲಿ, ಅದರಾಚೆ ಹುರುಳಿ ಹೊಲ. ನಾನು ಸೈಕಲ್ಲಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದೆ. ಹೊಸ ಕಾರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿತ್ತು, ಹಾಗಾಗಿ ನಮ್ಮಂಥವರು ಕಾರಿನ ಆಸೆ ಪಡುವುದಾದರೆ ಯಾರೋ ಓಡಿಸಿ ಬಿಟ್ಟ ಕಾರಿನ ಆಸೆಯನ್ನೇ ಪಡಬೇಕು. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದು ಬಂದ ಡಾಕ್ಟರೊಬ್ಬರು ಅಲ್ಲಿಂದ ಹಡಗಿನಲ್ಲಿ ತಂದಿದ್ದ ಸಣ್ಣ ಕಪ್ಪು ಕಾರನ್ನು ಮಾರುತ್ತಾರೆಂದು ಕಚೇರಿಯಲ್ಲಿ ಸುದ್ದಿ ಬಂತು. ಅಶೋಕ ಸ್ತಂಭದ ಹತ್ತಿರ ಶೆಡ್ಡು ಹಾಕಿಕೊಂಡಿದ್ದ ಒಬ್ಬ ಮೆಕ್ಯಾನಿಕ್ಕನ್ನು ಜೊತೆ ಮಾಡಿಕೊಂಡು ನೋಡಲು ಹೋದೆ.

ಬಾಗಿಲು ಹಾಕಿದರೆ ಕಬ್ಬಿಣದ ಬೀರುವಿನ ಹಾಗೆ ಗಟ್ಟಿ ಸದ್ದು. ಒಳಗೆ ತೊಗಲಿನ ವಾಸನೆ. ನನ್ನ ಮನಸ್ಸು ಆಗಲೇ ಅದರಲ್ಲಿ ಕೂತು ಲಾಲ್‌ಬಾಗಿಗೆ ಒಂದು ಸುತ್ತು ಹಾಕಿ ಬಂದಿತ್ತು. ಮೆಕ್ಯಾನಿಕ್ ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಟಕಟಕ ಬಡಿಯುತ್ತಾ ಹೋದ. ಹಿಂದಿನ ಸೀಟಿನವರು ಕಾಲಿಡುವ ಜಾಗಕ್ಕೆ ಬಂದಾಗ ಸದ್ದು ಬದಲಾಯಿತು. ಅವನ ಎದೆಯ ಮೇಲೆ ಕಂದು ಪುಡಿ ಉದುರಿತು.

ಡಾಕ್ಟರು ಪ್ರಾಮಾಣಿಕರು, ಏನನ್ನೂ ಮುಚ್ಚಿಡಲಿಲ್ಲ. "ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ ಬೀಳುತ್ತೆ. ಅದು ಕರಗ್ಲಿ ಅಂತ ಉಪ್ಪು ಎರಚ್ತಾರೆ. ಆ ಉಪ್ಪುನೀರು ಅಡಿಗೆ ಸಿಡಿದು ಸಿಡಿದು ತುಕ್ಕು ಹಿಡೀತು. ಇದು ಆರೇಳು ಚಳಿಗಾಲ ನೋಡಿರೋ ಗಾಡಿ," ಅಂದರು.

ಮೆಕ್ಯಾನಿಕ್ ಮೈ ಕೊಡವಿಕೊಂಡು ಎದ್ದ. "ಇಂಜಿನ್ನು ಫಸ್ಟ್ ಕ್ಲಾಸ್ ಸಾರ್. ಇಲ್ಲಿ ಹಿಮಾನೂ ಇಲ್ಲ, ಉಪ್ಪೂ ಇಲ್ಲ. ಆ ಜಾಗ ಕತ್ತರಿಸಿ ಹೊಸ ತಗಡು ಹಾಕಿ ವೆಲ್ಡಿಂಗ್ ಮಾಡ್ಸಿದ್ರೆ ಹತ್ತು ವರ್ಷ ಚಿಂತೆ ಇಲ್ಲ. ಒಳಗೆ ತೇವ ನಿಲ್ಲೋಕೆ ಮಾತ್ರ ಬಿಡ್ಬೇಡಿ."

ಅಷ್ಟು ಹೇಳಿದ ಮೇಲೂ ನನಗೆ ಧೈರ್ಯ ಬರಲಿಲ್ಲ. ಮನೆಗೆ ಬಂದು ನಾಲ್ಕು ದಿನ ಮೀನಮೇಷ ಎಣಿಸಿದೆ. ಕಂಡಕಂಡವರನ್ನು ಕೇಳಿದೆ. ಕೇಳಿದವರಲ್ಲಿ ನನ್ನ ಷಡ್ಡಕನೂ ಒಬ್ಬ. ಅವನು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ, "ಇಂಜಿನ್ ಚೆನ್ನಾಗಿದ್ಯಂತಾ ಭಾವ?" ಎಂದು ಅದೊಂದನ್ನೇ ಕೇಳಿದ. ಐದನೆಯ ದಿನ ನಾನು ಡಾಕ್ಟರ ಮನೆಗೆ ಹೋದರೆ ಕಾರು ಇರಲಿಲ್ಲ. ಹಿಂದಿನ ದಿನವೇ ಅವನು ಬಂದು ಒಯ್ದಿದ್ದ.

ಒಯ್ದು ನಿಲ್ಲಿಸಿದ್ದೆಲ್ಲಿ? ನನ್ನ ಕಾಂಪೌಂಡಿನಲ್ಲಿ. ಎರಡು ರಸ್ತೆಯಾಚೆ ಅವನ ಬಾಡಿಗೆ ಮನೆ. ಅದರ ಗೇಟಿನಲ್ಲಿ ಸೈಕಲ್ ನುಗ್ಗುವುದೇ ಕಷ್ಟ. "ನಿಮ್ಮಲ್ಲಿ ಜಾಗ ಇದೆಯಲ್ಲ ಭಾವ," ಅಂದ. ಇಲ್ಲವೆನ್ನಲು ಬಾಯಿ ಬರಲಿಲ್ಲ. ದಿನಾ ಬೆಳಿಗ್ಗೆ ಆ ಕಾರನ್ನು ಸುತ್ತಿಕೊಂಡು ನನ್ನ ಸೈಕಲ್ಲನ್ನು ಈಚೆ ತರಬೇಕಿತ್ತು. ದಾರಿಯಲ್ಲಿ ಹೋಗುವವರು, "ಸಾರ್, ಕಾರು ತಗೊಂಡ್ರಾ?" ಎಂದು ಕೇಳುತ್ತಿದ್ದರು. ಇಲ್ಲ, ನನ್ನದಲ್ಲ ಎಂದು ಹೇಳಿ ಹೇಳಿ ನನ್ನ ಹೊಟ್ಟೆ ಬೆಂದುಹೋಯಿತು.

ಆದರೆ ನಿಜವಾಗಿ ಉರಿದದ್ದು ಅದಕ್ಕಲ್ಲ, ಅತ್ತೆಯ ವಿಷಯಕ್ಕೆ. ಅವರು ನನಗೆ ಹೆಣ್ಣು ಕೊಟ್ಟ ಅತ್ತೆ ಮಾತ್ರವಲ್ಲ, ನನ್ನ ತಂದೆಯ ಅಕ್ಕ. ಅವರ ಸೊಂಟದ ಮೇಲೆ ಬೆಳೆದವನು ನಾನು. ಗಂಡುಮಕ್ಕಳಿಲ್ಲದ ಅವರು ನಮ್ಮ ಮನೆಯಲ್ಲೇ ಇದ್ದರು. ತಿಂಗಳಿಗೊಂದು ಭಾನುವಾರ ಅವರಿಗೆ ಬೇಗೂರಿನ ನಾಗೇಶ್ವರನ ದರ್ಶನವಾಗಬೇಕು. ಹೊಸೂರು ರಸ್ತೆಯಲ್ಲಿ ಬಸ್ಸಿಳಿದು ಮಣ್ಣಿನ ದಾರಿಯಲ್ಲಿ ನಡೆಸಿಕೊಂಡು ಹೋಗುವ ಕೆಲಸ ವರ್ಷಗಳಿಂದ ನನ್ನದು. ಕೆರೆಯ ಹತ್ತಿರ ಬಂದಾಗ ಅವರು ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ನಮ್ಮಪ್ಪ ಚಿಕ್ಕವನಿದ್ದಾಗ ಮಾಡಿದ ಕಿತಾಪತಿಗಳನ್ನೆಲ್ಲ ಆಗಲೇ ಹೇಳುತ್ತಿದ್ದುದು. ಹೆಂಡತಿಯ ಮುಂದೆ ಕೂಡ ಹೇಳದ ಎಷ್ಟೋ ಮಾತುಗಳನ್ನು ನಾನು ಅವರಿಗೆ ಆ ದಾರಿಯಲ್ಲಿ ಹೇಳಿದ್ದೇನೆ.

ಕಾರು ಬಂದ ಮೊದಲ ಭಾನುವಾರವೇ ಷಡ್ಡಕ, "ಅತ್ತೇನ ನಾನು ಕರ್ಕೊಂಡ್ ಹೋಗಿ ಬರ್ತೀನಿ, ನೀವು ಆರಾಮವಾಗಿ ಮಲ್ಕೊಳ್ಳಿ ಭಾವ," ಅಂದ. ಅವನೂ ನಾದಿನಿಯೂ ಮುಂದೆ ಕೂತರು, ಅತ್ತೆ ಹಿಂದಿನ ಸೀಟಿನಲ್ಲಿ ಮಹಾರಾಣಿಯಾದರು. ನಾನು ಗೇಟು ತೆಗೆದೆ, ಅವರು ಹೋದ ಮೇಲೆ ಗೇಟು ಹಾಕಿದೆ.

ವಾಪಸು ಬಂದು ಕಾಫಿ ಕುಡಿಯುತ್ತಾ ಅತ್ತೆ ಕಿರಿಯ ಅಳಿಯನನ್ನು ಹೊಗಳಿದ್ದೇ ಹೊಗಳಿದ್ದು. ನನಗೆ ತಡೆಯಲಾಗಲಿಲ್ಲ. ಕಾರಿನ ಅಡಿಯಲ್ಲಿ ತುಕ್ಕಿದೆ, ಅತ್ತೆ ಕಾಲಿಡುವ ಜಾಗವೇ ಲಡ್ಡಾಗಿದೆ, ಇಂಗ್ಲೆಂಡಿನಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ ಎಂದೆಲ್ಲ ಹೇಳಿಬಿಟ್ಟೆ.

"ರಸ್ತೆಗೆ ಉಪ್ಪಾ?" ಅತ್ತೆ ಕಣ್ಣರಳಿಸಿದರು. "ಉಪ್ಪು ಅಂದ್ರೆ ಲಕ್ಷ್ಮಿ ಕಣೋ. ಚೆಲ್ಲಿದ್ರೆ ಬಳಿದು ನೀರಿಗೆ ಹಾಕ್ತೀವಿ, ತುಳಿಯಲ್ಲ. ಅಂಥಾದ್ನ ದಾರೀಲಿ ಸುರಿದು ಅದರ ಮೇಲೆ ಗಾಡಿ ಓಡಿಸ್ತಾರಾ? ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳು."

ಎಲ್ಲರೂ ನಕ್ಕರು. ನಾದಿನಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಅಡಿಗೆಲ್ಲ ಟಾರ್ ಬಳಿಸಿದೀನಿ ಭಾವ, ಏನಾಗಲ್ಲ," ಎಂದ ಷಡ್ಡಕ. ತಗಡು ಹಾಕಿಸಿದೆಯಾ ಎಂದು ಕೇಳಿದರೆ, ಟಾರೇ ಸಾಕಂತೆ. ಒಳಗೆ ಹೋದಾಗ ನನ್ನ ಹೆಂಡತಿ ಮೆಲ್ಲಗೆ, "ಹೊಟ್ಟೆಕಿಚ್ಚು ಅಷ್ಟೊಂದು ಕಾಣೋ ಹಾಗೆ ಮಾತಾಡ್ಬೇಡಿ," ಅಂದಳು. ನಾನು ಹೇಳಿದ್ದು ನಿಜ. ಹೊಟ್ಟೆಕಿಚ್ಚಿನಿಂದ ಹೇಳಿದೆ ಎನ್ನುವುದೂ ನಿಜ. ಅಲ್ಲಿಗೆ ಬಾಯಿ ಹೊಲಿದುಕೊಂಡೆ.

ಮುಂದಿನ ಅಮಾವಾಸ್ಯೆಯ ಸಂಜೆ ಅತ್ತೆ ಕೆಂಪು ಬಟ್ಟೆಯ ಒಂದು ಗಂಟು ಹಿಡಿದು ಕಾರಿನ ಹತ್ತಿರ ಬಂದು ನನ್ನನ್ನು ಕರೆದರು. ಗಂಟಿನಲ್ಲಿ ಎರಡು ಹಿಡಿ ಹರಳುಪ್ಪು, ನಾಲ್ಕು ಒಣಮೆಣಸಿನಕಾಯಿ. ಕಾರನ್ನು ಮೂರು ಸುತ್ತು ನಿವಾಳಿಸಿದರು. ಸಾಮಾನ್ಯವಾಗಿ ನಿವಾಳಿಸಿದ್ದನ್ನು ಬಚ್ಚಲೊಲೆಗೆ ಹಾಕುತ್ತಾರೆ. ಅತ್ತೆಗೆ ಅಷ್ಟು ಸಾಲದು. ಹೊಸ ಬಡಾವಣೆ, ಊರವರ ಕಣ್ಣೆಲ್ಲ ಕಾರಿನ ಮೇಲೆಯೇ, ಉಪ್ಪು ಗಾಡಿಯೊಳಗೇ ಇದ್ದು ಕಾಯಬೇಕು ಎಂದು ಅವರ ಲೆಕ್ಕ.

"ನಂಗೆ ಬಗ್ಗೋಕಾಗಲ್ಲ ಕಣೋ. ಹಿಂದಿನ ಸೀಟಿನ ಮುಂದೆ ಚಾಪೆ ಇದ್ಯಲ್ಲ, ಅದರ ಕೆಳಗೆ ಅಂಚಿಗೆ ಇಡು, ನನ್ನ ಕಾಲು ತಾಗ್ಬಾರ್ದು. ಯಾರ ಕಣ್ಣಿಗೂ ಬೀಳ್ಬಾರ್ದು."

ನಾನು ಬಗ್ಗಿ ಚಾಪೆ ಎತ್ತಿದೆ. ಅದೇ ಜಾಗ. ಅಡಿಗೆ ಟಾರು ಬಳಿದಿದ್ದರೂ ಮೇಲಿನಿಂದ ತಗಡು ಕಂದು ಬಣ್ಣಕ್ಕೆ ತಿರುಗಿ ಹೊಪ್ಪಳೆ ಎದ್ದಿತ್ತು. ಉಪ್ಪನ್ನು ಇಲ್ಲಿಡಬಾರದು ಅತ್ತೆ ಎಂದು ಒಂದು ಮಾತು ಹೇಳಬಹುದಿತ್ತು. ಮತ್ತೆ ನಗುತ್ತಾರೆ ಅನ್ನಿಸಿತು. ಅದು ನಾನು ನನಗೇ ಕೊಟ್ಟುಕೊಂಡ ನೆಪ. ಒಳಗಿನ ಮಾತು ಬೇರೆ ಇತ್ತು: ತಿನ್ನಲಿ, ಚೆನ್ನಾಗಿ ತಿನ್ನಲಿ, ಈ ದರಿದ್ರ ಕಾರು ಗುಜರಿಗೆ ಹೋಗಲಿ. ಗಂಟನ್ನಿಟ್ಟು ಚಾಪೆ ಮುಚ್ಚಿದೆ.

ಪ್ರತಿ ಅಮಾವಾಸ್ಯೆಗೂ ಹಳೆಯ ಗಂಟು ತೆಗೆದು ಹೊಸದನ್ನು ಇಡುವ ಕೆಲಸ ನನ್ನದಾಯಿತು. ಮಳೆಗಾಲದಲ್ಲಿ ಉಪ್ಪು ನೀರೊಡೆದು ಬಟ್ಟೆಯೆಲ್ಲ ತೊಪ್ಪೆಯಾಗಿರುತ್ತಿತ್ತು. ಅತ್ತೆ ಅದನ್ನು ಕೈಯಲ್ಲಿ ತೂಗಿ ನೋಡಿ, "ಅಬ್ಬಾ! ಎಷ್ಟು ಕಣ್ಣು ಬಿದ್ದಿದೆ ನೋಡು. ಎಲ್ಲಾ ಹೀರ್ಕೊಂಡು ನೀರಾಗಿದೆ," ಎನ್ನುತ್ತಿದ್ದರು. ಕಣ್ಣು ಯಾರದೆಂದು ನನಗೆ ಗೊತ್ತಿತ್ತು. ಮುಂದಿನ ಸಲಕ್ಕೆ ಅವರು ಇನ್ನೊಂದು ಹಿಡಿ ಹೆಚ್ಚಿಗೆ ಕಟ್ಟುತ್ತಿದ್ದರು. ಒಂದು ದಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಹಪ್ಪಳದ ಹಾಗೆ ಕರಕ್ಕೆಂದಿತು. ನನಗೆ ಭಯವಾಗಲಿಲ್ಲ. ಕಾರು ಇನ್ನೆಷ್ಟು ದಿನ ಎಂದು ಲೆಕ್ಕ ಹಾಕುತ್ತಿದ್ದೆನೇ ಹೊರತು, ಅಲ್ಲಿ ಯಾರ ಕಾಲಿರುತ್ತದೆ ಎಂದು ಯೋಚಿಸಲಿಲ್ಲ. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯೋಚಿಸದೇ ಇರಲು ಹೇಗೆ ಸಾಧ್ಯ? ಅಲ್ಲಿ ಕೂರುತ್ತಿದ್ದವರು ಅವರೊಬ್ಬರೇ.

ಎರಡನೆಯ ವರ್ಷದ ಕಾರ್ತಿಕ ಮಾಸ. ಭಾನುವಾರ ಬೆಳಿಗ್ಗೆ ಅವರು ಮೂವರೂ ಬೇಗೂರಿಗೆ ಹೊರಟರು. ಎಂದಿನಂತೆ ನಾನು ಗೇಟು ತೆಗೆದೆ. ಮಧ್ಯಾಹ್ನ ಕಾರಿನ ಬದಲು ಜಟಕಾ ಬಂತು. ಷಡ್ಡಕ ಅತ್ತೆಯನ್ನು ಎತ್ತಿಕೊಂಡು ಇಳಿಸಿದ. ಬಲಗಾಲಿಗೆ ಮೊಣಕಾಲಿನವರೆಗೂ ಬ್ಯಾಂಡೇಜು.

ಬೇಗೂರಿನ ದಾರಿಯಲ್ಲಿ ಚಕ್ರವೊಂದು ಹಳ್ಳಕ್ಕೆ ಇಳಿದು ಎದ್ದಿತಂತೆ. ಆ ಕುಲುಕಿಗೆ ಅತ್ತೆ ಕಾಲನ್ನು ಒತ್ತಿ ಊರಿದ್ದಾರೆ, ತಗಡು ಬಾಯಿ ಬಿಟ್ಟಿದೆ. ಕಾರು ನಿಲ್ಲುವಷ್ಟರಲ್ಲಿ ಪಾದ ನೆಲಕ್ಕೆ ತಾಗಿ ಹಿಂದಕ್ಕೆ ತಿರುಚಿಕೊಂಡಿತ್ತು. ಹರಿದ ತಗಡು ಮೀನಖಂಡವನ್ನು ಸೀಳಿತ್ತು. ಹಿಮ್ಮಡಿಯ ಹತ್ತಿರ ಎರಡು ಕಡೆ ಮೂಳೆ ಮುರಿದಿದೆ, ಈ ವಯಸ್ಸಿನಲ್ಲಿ ಸರಿಯಾಗಿ ಕೂಡುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಷಡ್ಡಕ ನಮ್ಮ ಜಗುಲಿಯ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದ. "ನೀವು ಬಡ್ಕೊಂಡ್ರಿ ಭಾವ. ನಿಮ್ ಮಾತು ಕೇಳ್ಬೇಕಿತ್ತು. ನಾನು ಎಲ್ಲರ ಮುಂದೆ ನಿಮ್ಮನ್ನ ನಗೆಪಾಟ್ಲು ಮಾಡಿದೆ," ಎಂದು ಗಂಡಸು ಗಳಗಳನೆ ಅತ್ತ. ಎರಡು ವರ್ಷದಿಂದ ನಾನು ಕಾದಿದ್ದ ಮಾತು ಅದೇ. ಹೋಗಲಿ ಬಿಡು ಎಂದು ಅವನ ಬೆನ್ನು ತಟ್ಟಿದೆ. ಹೆಂಡತಿ ನನ್ನನ್ನು ಗೌರವದಿಂದ ನೋಡಿದಳು.

ವಾರ ಕಳೆಯುವಷ್ಟರಲ್ಲಿ ಆ ಗೌರವವೇ ನನ್ನನ್ನು ತಿನ್ನತೊಡಗಿತು. ಹೇಳಿಬಿಡಬೇಕೆಂದು ಒಂದು ಬೆಳಿಗ್ಗೆ ಅತ್ತೆಯ ಮಂಚದ ಹತ್ತಿರ ಕೂತೆ. ಅವರ ಕಾಲು ದಿಂಬಿನ ಮೇಲಿತ್ತು. ಪಾದ ಊದಿ ಹೊಳೆಯುತ್ತಿತ್ತು.

"ಅತ್ತೆ, ಆ ಉಪ್ಪು," ಎಂದು ಶುರುಮಾಡಿದೆ.

"ಹೂಂ ಕಣೋ, ನಾನೂ ಅದನ್ನೇ ಯೋಚಿಸ್ತಿದ್ದೆ. ಉಪ್ಪು ಸಾಲದೆ ಬಂತು. ಅದೆಂಥಾ ಕಣ್ಣೋ ಏನೋ. ಪಾಪ, ನೀನು ಒಂದು ಅಮಾವಾಸ್ಯೆನೂ ತಪ್ಪಿಸ್ದೆ ಇಟ್ಟೆ. ಮಗ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ." ಅವರು ನನ್ನ ಕೈಯನ್ನು ಹಿಡಿದುಕೊಂಡರು, ಕೆರೆಯ ಹತ್ತಿರ ಹಿಡಿಯುತ್ತಿದ್ದ ಹಾಗೆಯೇ. "ಆ ಕಾರು ಸಾಕು ಕಣಪ್ಪಾ. ಕಾಲು ವಾಸಿಯಾಗ್ಲಿ, ಇನ್ಮೇಲೆ ನೀನೇ ಕರ್ಕೊಂಡ್ ಹೋಗು. ಬಸ್ಸಲ್ಲೇ ಹೋಗೋಣ."

ಆ ಮಾತು ಕೇಳಿ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಸಂತೋಷವೇ. ಹೇಳಬೇಕೆಂದು ಬಂದ ಮಾತನ್ನು ನುಂಗಿಕೊಂಡೆ.

"ಹೋಗೋಣ ಅತ್ತೆ," ಅಂದೆ.

ಅವರು ಆಮೇಲೆ ಆರು ವರ್ಷ ಬದುಕಿದ್ದರು. ಮಂಚದಿಂದ ಬಚ್ಚಲಿಗೆ ಹೋಗಬೇಕಾದರೂ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ಹೋಗುತ್ತಿದ್ದರು, ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ.