ಸಕ್ಕರೆ ಬೇಡ ಎಂದವರ ಬೆನ್ನು ಹತ್ತುವವನು

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಯಾರಾದರೂ "ಸಕ್ಕರೆ ಬ್ಯಾಡ" ಎಂದರೆ ಸಾಕು, ಟಿಬಿ ಮೇಲ್ವಿಚಾರಕ ಬೊಮ್ಮಲಿಂಗಪ್ಪ ಕಚ್ಚಿದ ಬನ್ನನ್ನು ಹಾಗೇ ಕೆಳಗಿಟ್ಟು ಎಕ್ಸ್‌ರೇ ಚೀಟಿ ತೆಗೆಯುತ್ತಾನೆ. ಕೆಮ್ಮುವವರು ಹೇಗೂ ಕಿವಿಗೆ ಬೀಳುತ್ತಾರೆ, ಕೆಮ್ಮದ ಸಕ್ಕರೆ ಕಾಯಿಲೆಯವರನ್ನು ಹುಡುಕುವುದೇ ಕೆಲಸ ಎಂಬುದು ಅವನ ವಾದ. "ನಂಗೆ ಕೆಮ್ಮೇ ಇಲ್ವಲ್ಲಪ್ಪ" ಎಂದು ಯಾರಾದರೂ ಜಾರಿಕೊಳ್ಳಲು ನೋಡಿದರೆ, "ಅದಕ್ಕೇ ಬರ್ರಿ ಅನ್ನೋದು. ಸಕ್ಕರೆ ಇದ್ದೋರಿಗೆ ಟಿಬಿ ಒಂದೊಂದ್ಸಲ ಸದ್ದಿಲ್ದಂಗೆ ಶ್ವಾಸಕೋಶದ ಬುಡದಾಗೆ ಕೂತಿರ್ತೈತೆ" ಎನ್ನುತ್ತಾನೆ. ಮದುವೆ ಊಟದಲ್ಲಿ ಹೋಳಿಗೆ ಬೇಡವೆಂದವರ ಎಲೆಯ ಮುಂದೆಯೇ ಹೋಗಿ ನಿಲ್ಲುತ್ತಾನೆ. ಪರಶುರಾಂಪುರದ ಕುರಿಗಾಹಿ ದೊಡ್ಡೀರಪ್ಪನಂತೂ ಇವನ ಬೈಕು ಕಂಡ ಕೂಡಲೇ ಟೀ ಅಂಗಡಿಯವಳಿಗೆ "ಎಲ್ಡು ಚಮಚ ಜಾಸ್ತೀನೇ ಹಾಕವ್ವ" ಎಂದು ಊರಿಗೆಲ್ಲ ಕೇಳುವಂತೆ ಹೇಳಿ, ಇವನು ಅತ್ತ ಹೋದ ಮೇಲೆ ಆ ಟೀಯನ್ನು ತನ್ನ ನಾಯಿಗೆ ಸುರಿಯುತ್ತಾನೆ. ಯಾರಾದರೂ ತೆಳ್ಳಗಾದರೆ ಊರೇ ಹೊಗಳುತ್ತದೆ, ಬೊಮ್ಮಲಿಂಗಪ್ಪ ಮಾತ್ರ ಹೊಗಳುವುದಿಲ್ಲ. ಮೂರು ವರ್ಷದ ಹಿಂದೆ ಅವನು ತಾಲ್ಲೂಕಿನ ಕೆಮ್ಮುಗಳನ್ನೆಲ್ಲ ಹುಡುಕಿ ದಣಿದು ಮನೆಗೆ ಬಂದಾಗ, ಸಕ್ಕರೆ ಕಾಯಿಲೆಯ ಹೆಂಡತಿ ಮಾಲತಿ, ಸಡಿಲವಾದ ರವಿಕೆಗೆ ಒಳಹೊಲಿಗೆ ಹಾಕುತ್ತ ಕೂತಿದ್ದಳು. ಅವಳು ಒಂದು ಸಲವೂ ಕೆಮ್ಮಿರಲಿಲ್ಲ. "ವಾಕಿಂಗು ಕೆಲಸ ಮಾಡೈತೆ ನೋಡು" ಎಂದು ಅವನು ಮೆಚ್ಚಿಕೊಂಡ. ಕೊನೆಗೆ ಎಕ್ಸ್‌ರೇಯಲ್ಲಿ ಟಿಬಿ ಕಂಡಾಗ ಕಾಲ ಮೀರಿತ್ತು. ಅಷ್ಟರಲ್ಲಿ ಅವಳು ಆ ರವಿಕೆಗೆ ಮೂರು ಸಲ ಹೊಲಿಗೆ ಹಾಕಿದ್ದಳು, ಮೂರು ಸಲವೂ ಅವನು ಮೆಚ್ಚಿಕೊಂಡಿದ್ದ.