ಹಿಂದಕ್ಕೆ ಹೋಗದ ಸಂಖ್ಯೆ

ಕೊರೋನಾ ಗದ್ದಲ ಮುಗಿದು ಆಫೀಸುಗಳು ಮತ್ತೆ ಬಾಗಿಲು ತೆರೆದ ವರ್ಷ. ನಾನು ಮೈಸೂರಿನ ಗೋಕುಲಂನಲ್ಲಿದ್ದ ಒಂದು ಸಣ್ಣ ಕಂಪನಿಯಲ್ಲಿ ಹಿರಿಯ ಪ್ಯಾಕೇಜ್ ಮೇಂಟೇನರ್ ಆಗಿದ್ದೆ. ಕಂಪನಿಯ ಹೆಸರು ಹೇಳುವುದಿಲ್ಲ. ಅದು ಈಗಲೂ ಇದೆ, ಚೆನ್ನಾಗಿಯೇ ನಡೆಯುತ್ತಿದೆ. ಶಾಲೆ, ಗ್ರಂಥಾಲಯ, ಪರೀಕ್ಷಾ ಕೇಂದ್ರಗಳ ಕಂಪ್ಯೂಟರುಗಳಿಗಾಗಿ ಲಿನಕ್ಸ್‌ನ ಒಂದು ವಿತರಣೆಯನ್ನು, ಅಂದರೆ ಕಂಪ್ಯೂಟರ್ ನಡೆಸಲು ಬೇಕಾದ ತಂತ್ರಾಂಶಗಳ ಪೂರ್ತಿ ಕಟ್ಟನ್ನು, ಸಿದ್ಧಪಡಿಸುವುದು ನಮ್ಮ ವ್ಯವಹಾರ. ಆಫೀಸಿನ ಕೆಳಗಿನ ಮನೆಯಲ್ಲಿ ಯೋಗ ಕಲಿಯಲು ಬಂದ ವಿದೇಶಿಯರು ಬಾಡಿಗೆಗಿದ್ದರು. ಅವರು ಅಭ್ಯಾಸ ಮುಗಿಸಿ ಚಾಪೆ ಸುತ್ತಿಕೊಂಡು ಬರುವ ಹೊತ್ತಿಗೆ ನಾವು ಮಹಡಿ ಹತ್ತುತ್ತಿದ್ದೆವು. ಅವರ ಮುಖದ ನೆಮ್ಮದಿ ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ನನ್ನ ಕೆಲಸ ಏನೆಂದು ನಮ್ಮ ಮನೆಯವರಿಗೇ ಇನ್ನೂ ಅರ್ಥವಾಗಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಓಪನ್ ಸೋರ್ಸ್ ತಂತ್ರಾಂಶವನ್ನು ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಬರೆಯುತ್ತಾರೆ, ಬರೆದದ್ದನ್ನು ಎಲ್ಲರಿಗೂ ತೆರೆದಿಡುತ್ತಾರೆ. ಅಂಥ ಸಾವಿರಾರು ತಂತ್ರಾಂಶಗಳನ್ನು ತಂದು, ಒಂದರ ಕಾಲನ್ನು ಇನ್ನೊಂದು ತುಳಿಯದಂತೆ ಹೊಂದಿಸಿ, ಬಳಸುವವರು ಒಂದೇ ಸಲಕ್ಕೆ ಹಾಕಿಕೊಳ್ಳುವಂತೆ ಕಟ್ಟಿಕೊಡುವುದೇ ಪ್ಯಾಕೇಜಿಂಗ್. ಅಡುಗೆ ಮಾಡುವವರು ಬೇರೆ, ಪಂಕ್ತಿಯಲ್ಲಿ ಬಡಿಸುವವರು ಬೇರೆ, ನಾವು ಬಡಿಸುವವರು. ಎಲೆಯಲ್ಲಿ ಕೂದಲು ಸಿಕ್ಕರೆ ಬೈಸಿಕೊಳ್ಳುವವರೂ ನಾವೇ.

ನನ್ನ ಪಾಲಿಗೆ ಬಂದಿದ್ದ ಪ್ಯಾಕೇಜುಗಳಲ್ಲಿ ಒಂದು, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಇಂಥದ್ದರಿಂದಲೇ. ಅದರಲ್ಲಿ ಎರಡು ಭಾಗ: ಓದುವ ಪ್ರೋಗ್ರಾಂ ಒಂದು, ಭಾಷೆಗೊಂದರಂತೆ ಧ್ವನಿಯ ಕಡತಗಳು ಇನ್ನೊಂದು. ಬರೆಯುತ್ತಿದ್ದವನು ಯೂರೋಪಿನ ಒಬ್ಬ ಯುವಕ. ಮಹಾ ಬುದ್ಧಿವಂತ, ಅಷ್ಟೇ ಅವಸರದವನು. ಎರಡು ವಾರಕ್ಕೊಮ್ಮೆ ಹೊಸ ಆವೃತ್ತಿ ಬಿಡುತ್ತಿದ್ದ. ಪ್ರತಿ ಆವೃತ್ತಿಗೂ ಆಸರೆಗೆ ಇಂಥದ್ದೇ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು ಬೇಕು, ಅದರಲ್ಲೂ ಇಂಥದ್ದೇ ಸಂಖ್ಯೆಯದು ಬೇಕು ಎಂಬ ಹಟ. ಕಟ್ಟುವಾಗ ಅಂತರ್ಜಾಲದಿಂದ ಏನೇನೋ ಎಳೆದುಕೊಳ್ಳುವ ಚಟ ಬೇರೆ. ನಮ್ಮ ಕಟ್ಟುವ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕವೇ ಇರಲಿಲ್ಲ. ಪ್ಯಾಕೇಜಿನೊಳಗೆ ಏನಿದೆ ಎಂಬುದು ನಮಗೆ ಗೊತ್ತಿರಲೇಬೇಕು ಎಂಬುದು ನಿಯಮ. ನಾನು ಒಂದು ಆವೃತ್ತಿಗೆ ತೇಪೆ ಹಾಕಿ ಮುಗಿಸುವಷ್ಟರಲ್ಲಿ ಇನ್ನೆರಡು ಬಂದು ಕೂತಿರುತ್ತಿದ್ದವು.

ಅವನಿಗೂ ನನ್ನ ಮೇಲೆ ಸಿಟ್ಟಿತ್ತು. ‘ನಾನು ಎಂದೋ ಸರಿಮಾಡಿದ ತಪ್ಪಿಗೆ ನಿಮ್ಮ ಬಳಕೆದಾರರು ಈಗ ಬಂದು ನನ್ನನ್ನು ಬೈಯುತ್ತಾರೆ, ಹಳಸಿದ್ದನ್ನು ಯಾಕೆ ಹಂಚುತ್ತೀರಿ’ ಎಂದು ಒಮ್ಮೆ ಬರೆದಿದ್ದ. ಅವನ ಮಾತಿನಲ್ಲಿ ನ್ಯಾಯವಿತ್ತು. ಆದರೆ ಪರೀಕ್ಷೆಗೆ ಕೂರುವವರಿಗೆ ಎರಡು ವಾರಕ್ಕೊಮ್ಮೆ ಬದಲಾಗುವ ಕಂಪ್ಯೂಟರನ್ನು ಕೊಡಲಾಗುತ್ತದೆಯೇ? ಹೀಗೆ ಇಬ್ಬರೂ ಸರಿಯೇ ಆಗಿದ್ದು, ಇಬ್ಬರೂ ಹಲ್ಲು ಕಡಿಯುತ್ತಾ ಕೆಲಸ ಮಾಡುತ್ತಿದ್ದೆವು.

ಕನ್ನಡದ ಧ್ವನಿಯನ್ನು ನಮಗಾಗಿ ಕೇಳಿ ನೋಡುತ್ತಿದ್ದವಳು ಭಾಗ್ಯ. ನಂಜನಗೂಡಿನ ಕಡೆಯ ಒಕ್ಕಲು ಮನೆತನದ ಹೆಣ್ಣುಮಗಳು, ಹುಟ್ಟಿನಿಂದಲೇ ಕಣ್ಣು ಕಾಣದು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಟೆಲಿಫೋನ್ ಆಪರೇಟರ್ ಆಗಿದ್ದಳು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಮ್ಮ ಆಫೀಸಿಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೂತರೆ ಏಳುವ ಮಾತೇ ಇರಲಿಲ್ಲ. ಆ ಧ್ವನಿಯನ್ನು ಆಕೆ ‘ಈವಮ್ಮ’ ಎಂದೇ ಕರೆಯುತ್ತಿದ್ದಳು.

‘ಈವಮ್ಮ ಇವತ್ತು ಮೂಗಲ್ಲಿ ಮಾತಾಡ್ತಾವ್ಳೆ ಸಾರ್, ಶೀತ ಆಗಿರ್ಬೇಕು. ಒಸಿ ಕಷಾಯ ಕುಡ್ಸಿ,’ ಎಂದು ನಗಿಸುತ್ತಿದ್ದಳು.

ಆ ವರ್ಷ ಕಾರ್ಖಾನೆಯವರು ತಾನಾಗಿಯೇ ಕರೆ ಜೋಡಿಸುವ ಹೊಸ ಯಂತ್ರ ತರಿಸಲು ತೀರ್ಮಾನಿಸಿದರು. ಭಾಗ್ಯಳ ಗುತ್ತಿಗೆ ಮುಂದುವರಿಯುವುದಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಅದೇ ಹೊತ್ತಿಗೆ ಸರ್ಕಾರಿ ಇಲಾಖೆಯೊಂದರ ಬೆರಳಚ್ಚುಗಾರರ ಹುದ್ದೆಗೆ ಆಕೆ ಲಿಖಿತ ಪರೀಕ್ಷೆ ದಾಟಿದ್ದಳು. ಉಳಿದದ್ದು ಕನ್ನಡ ಟೈಪಿಂಗ್ ಪರೀಕ್ಷೆ ಮಾತ್ರ. ವಯೋಮಿತಿಯ ಪ್ರಕಾರ ಅವಳಿಗೆ ಅದೇ ಕೊನೆಯ ಅವಕಾಶ. ಟೈಪ್ ಮಾಡಬೇಕಾದ ಪಠ್ಯವನ್ನು ಒಬ್ಬರು ಓದಿ ಹೇಳಬೇಕೇ ಅಥವಾ ಕಂಪ್ಯೂಟರಿನ ಧ್ವನಿ ಸಾಕೇ ಎಂದು ಅರ್ಜಿಯಲ್ಲಿ ಕೇಳಿದ್ದರು. ಒಮ್ಮೆ ಆರಿಸಿದ ಮೇಲೆ ಬದಲಿಸುವಂತಿರಲಿಲ್ಲ. ಪರೀಕ್ಷಾ ಕೇಂದ್ರದ ಕಂಪ್ಯೂಟರುಗಳಲ್ಲಿ ಇದ್ದದ್ದು ನಮ್ಮದೇ ವಿತರಣೆ; ಪರೀಕ್ಷೆಯ ಹೊತ್ತಿಗೆ ಅಲ್ಲಿಗೆ ಹೋಗಬೇಕಿದ್ದದ್ದು ನಾವು ಆಗ ಸಿದ್ಧಪಡಿಸುತ್ತಿದ್ದ ಹೊಸ ಬಿಡುಗಡೆ. ಭಾಗ್ಯ ಕಂಪ್ಯೂಟರನ್ನೇ ಆರಿಸಿದಳು.

‘ಮನುಷ್ಯರು ಓದುದ್ರೆ ಕೆಮ್ತಾರೆ, ತಡವರಿಸ್ತಾರೆ. ಈವಮ್ಮ ಅಂಗೆಲ್ಲ ಮಾಡಕಿಲ್ಲ. ನೀವು ಕಟ್ಟಿರೋದಲ್ವಾ ಸಾರ್, ನಂಗೇನ್ ಭಯ?’ ಎಂದಳು. ಆ ಮಾತು ಕೇಳಿ ನಾನು ಉಬ್ಬಿಹೋಗಿದ್ದೆ.

ಬಿಡುಗಡೆಗೆ ಕೆಲವು ವಾರ ಮುಂಚೆ ವಿತರಣೆಯನ್ನು ಫ್ರೀಜ್ ಮಾಡುವುದು ಈ ಕಸುಬಿನ ಪದ್ಧತಿ. ಅಂದರೆ ಆಮೇಲೆ ಹೊಸದೇನನ್ನೂ ಸೇರಿಸುವಂತಿಲ್ಲ, ಇರುವ ದೋಷಗಳನ್ನು ಮಾತ್ರ ತಿದ್ದಬೇಕು. ನಮ್ಮಲ್ಲಿ ಈ ಫ್ರೀಜ್‌ಗೆ ಒಂದು ವಿನಾಯಿತಿ ಇತ್ತು. ಚಿತ್ರ, ಫಾಂಟು, ಧ್ವನಿಯ ಕಡತ ಇವೆಲ್ಲ ಡೇಟಾ, ಓಡುವ ಪ್ರೋಗ್ರಾಂ ಅಲ್ಲ, ಇವುಗಳಿಂದ ಏನೂ ಮುರಿಯುವುದಿಲ್ಲ ಎಂದು ಅವುಗಳ ಹೊಸ ಆವೃತ್ತಿಯನ್ನು ತಾನಾಗಿಯೇ ಒಳಬಿಡುವ ವ್ಯವಸ್ಥೆ ಮಾಡಿದ್ದರು. ಯಾರ ಒಪ್ಪಿಗೆಯೂ ಬೇಕಿರಲಿಲ್ಲ.

ಫ್ರೀಜ್ ಆದ ವಾರದಲ್ಲೇ ಆ ಯೂರೋಪಿನವನು ಕನ್ನಡಕ್ಕೆ ಹೊಸ ಧ್ವನಿಯೊಂದನ್ನು ಬಿಟ್ಟ. ಇನ್ನೂ ಇಂಪಾದ ಧ್ವನಿ. ಆದರೆ ಕಡತದ ಸ್ವರೂಪವನ್ನೇ ಬದಲಿಸಿದ್ದ; ಅವನ ಹೊಸ ಪ್ರೋಗ್ರಾಂ ಮಾತ್ರ ಅದನ್ನು ಓದಬಲ್ಲದು. ನಮ್ಮ ಸ್ವಯಂಚಾಲಿತ ವ್ಯವಸ್ಥೆ ಹೊಸ ಧ್ವನಿಯನ್ನು ಕೈಹಿಡಿದು ಒಳಗೆ ಕರೆದುಕೊಂಡಿತು, ಹೊಸ ಪ್ರೋಗ್ರಾಮನ್ನು ಫ್ರೀಜ್ ಎಂದು ಬಾಗಿಲಲ್ಲೇ ನಿಲ್ಲಿಸಿತು. ಈಗ ಹಳೆಯ ಪ್ರೋಗ್ರಾಂ ಇಂಗ್ಲಿಷನ್ನು ಲಕ್ಷಣವಾಗಿ ಓದುತ್ತಿತ್ತು, ಕನ್ನಡ ಬಂದ ಕೂಡಲೇ ತೆಪ್ಪಗಾಗುತ್ತಿತ್ತು. ದೋಷವಿದೆ ಎಂಬ ಒಂದು ಸೂಚನೆಯೂ ಇಲ್ಲ. ಪ್ಯಾಕೇಜನ್ನು ತಾನಾಗಿ ಪರೀಕ್ಷಿಸುವ ಏರ್ಪಾಡಿನಲ್ಲಿ ಇದ್ದದ್ದು ಒಂದೇ ವಾಕ್ಯ, ಅದೂ ಇಂಗ್ಲಿಷಿನದು. ಕನ್ನಡದ ವಾಕ್ಯವೊಂದನ್ನು ಸೇರಿಸಿ ಎಂದು ನಾನು ಕೊಟ್ಟಿದ್ದ ಮನವಿ ಸರದಿಯಲ್ಲಿ ಕೊಳೆಯುತ್ತಿತ್ತು. ಹಾಗಾಗಿ ಪರದೆಯ ಮೇಲೆ ಉತ್ತೀರ್ಣ ಎಂಬ ಹಸಿರು ಗುರುತು ಬಿತ್ತು. ನಾನು ಕೈಯಾರೆ ಓಡಿಸಿ ನೋಡಿದಾಗ ಮಾತ್ರ ವಿಷಯ ಗೊತ್ತಾಯಿತು.

ಆ ದಿನವೇ ರಿಲೀಸ್ ಮ್ಯಾನೇಜರ್ ಶ್ರೀಕಂಠ ಅವರ ಮುಂದೆ ಹೋಗಿ ನಿಂತೆ. ಬಿಡುಗಡೆಯಲ್ಲಿ ಏನು ಇರಬೇಕು, ಏನು ಇರಬಾರದು ಎಂದು ತೀರ್ಮಾನಿಸುವ ಸಮಿತಿಗೆ ಅವರೇ ಮುಖ್ಯಸ್ಥರು. ಕೆಟ್ಟ ಮನುಷ್ಯರಲ್ಲ, ಮಾತು ನಯ. ಆದರೆ ಆವೃತ್ತಿ ಸಂಖ್ಯೆಗಳ ವಿಷಯದಲ್ಲಿ ಅವರದು ಮಡಿಬಟ್ಟೆ ಕಾಯುವವರ ಜಾಗ್ರತೆ.

‘ಲೋಕೇಶ್, ಅದು ಬರೀ ಡೇಟಾ ಕಣ್ರೀ,’ ಎಂದರು.

‘ಡೇಟಾನೇ ಸಾರ್. ಹಳೇದನ್ನ ವಾಪಸ್ ಹಾಕೋಣ, ಕನ್ನಡ ಮತ್ತೆ ಮಾತಾಡುತ್ತೆ.’

‘ವಾಪಸ್ ಹಾಕೋದು ಅಂದ್ರೆ ಬದಲಾವಣೆ. ಫ್ರೀಜ್ ಆದ್ಮೇಲೆ ಬದಲಾವಣೆಗೆ ಸಮಿತಿ ಒಪ್ಪಿಗೆ ಬೇಕು.’

ಒಳಗೆ ಬರುವಾಗ ಬದಲಾವಣೆ ಅಲ್ಲದ್ದು ಹೊರಗೆ ಹೋಗುವಾಗ ಬದಲಾವಣೆ ಆಗಿಬಿಟ್ಟಿತು. ಈ ತರ್ಕ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲವೂ ಮುರಿದು ಬಿದ್ದದ್ದು ಅದರ ಮೇಲೆ. ಕಂಪ್ಯೂಟರಿಗೆ ದೊಡ್ಡ ಸಂಖ್ಯೆಯೇ ಹೊಸದು. ಏಳನೇ ಆವೃತ್ತಿ ಹಾಕಿಕೊಂಡ ಯಂತ್ರಕ್ಕೆ ಆರನೆಯದನ್ನು ಕೊಟ್ಟರೆ ಮುಟ್ಟಿಯೂ ನೋಡುವುದಿಲ್ಲ. ಹಿಂದಕ್ಕೆ ಹೋಗಲೇಬೇಕಾದಾಗ ಆವೃತ್ತಿ ಸಂಖ್ಯೆಯ ಮುಂದೆ ಇನ್ನೊಂದು ಅಂಕಿಯನ್ನು ಸೇರಿಸುವ ಉಪಾಯವಿದೆ. ಅದಕ್ಕೆ ಎಪೋಕ್ ಎನ್ನುತ್ತಾರೆ. ಅದಿದ್ದರೆ ಯಂತ್ರ ಹಳೆಯದನ್ನೇ ಹೊಸದೆಂದು ಒಪ್ಪಿಕೊಳ್ಳುತ್ತದೆ. ಆದರೆ ಒಮ್ಮೆ ಹಾಕಿದ ಎಪೋಕನ್ನು ತೆಗೆಯಲು ಬರುವುದಿಲ್ಲ. ಆ ಪ್ಯಾಕೇಜು ಇರುವವರೆಗೂ ಮುಂದಿನ ಪ್ರತಿ ಆವೃತ್ತಿಯ ಮುಂದೆ ಆ ಅಂಕಿ ಅಂಟಿಕೊಂಡೇ ಇರುತ್ತದೆ. ನಮ್ಮ ಕಸುಬಿನವರು ಅದನ್ನೊಂದು ಕಲೆ ಎಂದು ನೋಡುತ್ತಾರೆ, ಹಾಕುವುದಕ್ಕೆ ನಾಚುತ್ತಾರೆ. ಯಂತ್ರಕ್ಕೆ ಅದರಿಂದ ಕೂದಲಷ್ಟೂ ತೊಂದರೆಯಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ.

ಸಮಿತಿ ಸೇರಿತು. ಎಪೋಕ್ ಹಾಕಿ ಹಳೆಯ ಧ್ವನಿಯನ್ನು ತರೋಣ ಎಂದೆ. ಶ್ರೀಕಂಠ ಆಗದು ಎಂದು ತಲೆಯಾಡಿಸಿದರು. ಮುಂದಿನ ಬಿಡುಗಡೆಯಲ್ಲಿ ಹೊಸ ಪ್ರೋಗ್ರಾಂ ಬಂದೇ ಬರುತ್ತದೆ, ಆಗ ತಾನಾಗಿಯೇ ಸರಿಹೋಗುತ್ತದೆ, ಅಲ್ಲಿಯವರೆಗಿನ ಅನುಕೂಲಕ್ಕೆ ಶಾಶ್ವತವಾಗಿ ಒಂದು ಕಲೆ ಯಾಕೆ ಎಂದರು. ಎಪೋಕ್ ಬೇಡವಾದರೆ ಹಳೆಯ ಧ್ವನಿಗೇ ಹೊಸದಕ್ಕಿಂತ ದೊಡ್ಡ ಸಂಖ್ಯೆಯ ಹೆಸರು ಕೊಡೋಣ, ಅದೂ ರೂಢಿಯಲ್ಲಿದೆ ಎಂದೆ. ಅದು ಸುಳ್ಳು ಸಂಖ್ಯೆಯಾಗುತ್ತದೆ ಎಂದು ಇನ್ನೊಬ್ಬರು ಮುಖ ಸಿಂಡರಿಸಿದರು. ಆಗ ನಾನು ಭಾಗ್ಯಳ ಪರೀಕ್ಷೆಯ ವಿಷಯ ತೆಗೆದೆ. ಪ್ರತಿ ಶನಿವಾರ ಇದೇ ಕೋಣೆಯ ಪಕ್ಕದಲ್ಲಿ ಕೂರುತ್ತಿದ್ದವಳು, ಅವರೆಲ್ಲರಿಗೂ ಪರಿಚಯದವಳು.

‘ಪಾಪ ಅನ್ಸುತ್ತೆ ಕಣ್ರೀ. ಆದ್ರೆ ಒಬ್ರಿಗೋಸ್ಕರ ಪದ್ಧತಿ ಮುರಿಯೋಕಾಗುತ್ತಾ?’ ಎಂದರು ಶ್ರೀಕಂಠ.

ಆ ‘ಪಾಪ’ ಎಂಬ ಮಾತಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಮೇಜು ಗುದ್ದಿ ಎದ್ದು ಬಂದೆ. ಗುದ್ದಿದ್ದರಿಂದ ನನ್ನ ಕೈ ನೋವಾಯಿತೇ ಹೊರತು ಇನ್ನೇನೂ ಆಗಲಿಲ್ಲ.

ತಂತ್ರಾಂಶ ಬರೆದ ಯೂರೋಪಿನವನಿಗೂ ಕಾಗದ ಬರೆದೆ. ಹಳೆಯ ಪ್ರೋಗ್ರಾಂ ಓದಬಲ್ಲ ರೂಪದಲ್ಲಿ ಹೊಸ ಧ್ವನಿಯನ್ನು ಇನ್ನೊಮ್ಮೆ ಬಿಡುಗಡೆ ಮಾಡು, ಸಂಖ್ಯೆ ಮುಂದಕ್ಕೇ ಹೋಗುತ್ತದೆ, ಡೇಟಾ ಆದ್ದರಿಂದ ಯಾರೂ ತಡೆಯುವುದಿಲ್ಲ ಎಂದು ಬೇಡಿಕೊಂಡೆ. ಹಳೆಯ ಆವೃತ್ತಿಗೆ ಬೆಂಬಲ ಮುಗಿದಿದೆ, ಹೊಸದನ್ನು ಬಳಸಿ ಎಂದು ಒಂದು ಸಾಲಿನ ಉತ್ತರ ಬಂತು. ಅವನು ಓಡುತ್ತಲೇ ಇದ್ದ, ನಮ್ಮವರು ಅಲುಗಾಡಲು ಒಪ್ಪಲಿಲ್ಲ. ಕನ್ನಡ ಮೂಕವಾಗಿಯೇ ಬಿಡುಗಡೆ ಹೊರಟಿತು.

ವಿಷಯವನ್ನು ಭಾಗ್ಯಳಿಗೆ ಮುಚ್ಚಿಡಲಿಲ್ಲ. ಆಕೆ ಕೇಂದ್ರಕ್ಕೆ ಹೋಗಿ ಓದಿ ಹೇಳುವವರನ್ನು ಕೊಡಿ ಎಂದು ಕೇಳಿದಳು. ಅರ್ಜಿಯಲ್ಲಿ ಆರಿಸಿದ್ದು ಆರಿಸಿದ್ದೇ ಎಂದರು. ಪರೀಕ್ಷೆಯ ಬೆಳಿಗ್ಗೆ ನಾನೇ ಹಳೆಯ ಧ್ವನಿಯನ್ನು ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡು ಹೋದೆ. ಹೊರಗಿನ ಕಡತ ಒಳಗೆ ಬಿಡುವುದಿಲ್ಲವೆಂದು ಗೇಟಿನಲ್ಲೇ ತಡೆದರು. ಪರೀಕ್ಷೆ ನಡೆಸುವವರು ಹಾಗೆ ತಡೆಯಲೇಬೇಕು, ಅವರನ್ನು ನಾನು ದೂರುವುದಿಲ್ಲ. ಕೇಂದ್ರದ ಕಂಪ್ಯೂಟರುಗಳಿಗೆ ಅಂತರ್ಜಾಲ ಇರಲಿಲ್ಲ. ಬಿಡುಗಡೆಯಲ್ಲಿ ನಾವು ಏನು ಕೊಟ್ಟಿದ್ದೆವೋ ಅದೇ ಅಲ್ಲಿತ್ತು.

‘ಓಗಿ ಕೂತ್ಕೋತೀನಿ ಸಾರ್. ಇಷ್ಟ್ ದೂರ ಬಂದ್ಬುಟ್ಟಿದೀನಿ,’ ಎಂದು ಭಾಗ್ಯ ಒಳಗೆ ಹೋದಳು.

ನಾನು ಗೇಟಿನ ಹೊರಗೆ ಸ್ಕೂಟರ್ ಪಕ್ಕ ನಿಂತಿದ್ದೆ. ಎಲ್ಲರಿಗಿಂತ ಮೊದಲು ಹೊರಗೆ ಬಂದವಳು ಅವಳೇ. ಕೋಲು ಮಡಿಸಿ ಕಟ್ಟೆಯ ಮೇಲೆ ಕೂತಳು.

‘ಸೂಚನೆಗಳು ಇಂಗ್ಲೀಷಲ್ಲಿದ್ವು, ಪಸಂದಾಗಿ ಓದುದ್ಲು. ಕನ್ನಡ ಬಂದೇಟ್ಗೆ ಸುಮ್ಕಾದ್ಲು. ಸುತ್ತ ಎಲ್ರೂ ಟಕಟಕ ಅಂತ ಒಡೀತಾವ್ರೆ. ನಾನು ಕೀಬೋರ್ಡ್ ಮ್ಯಾಲೆ ಕೈ ಮಡೀಕೊಂಡು ಕಾದೆ ಸಾರ್. ಈಗ ಮಾತಾಡ್ತಾಳೆ, ಈಗ ಮಾತಾಡ್ತಾಳೆ ಅಂತ.’

ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದೆ.

ಮರುಪರೀಕ್ಷೆ ಕೊಡಿ ಎಂದು ಭಾಗ್ಯ ಮನವಿ ಸಲ್ಲಿಸಿದಳು. ಕೇಂದ್ರದವರು ನಮ್ಮ ಕಂಪನಿಯನ್ನು ಕೇಳಿದರು: ತಂತ್ರಾಂಶದಲ್ಲಿ ದೋಷವಿತ್ತೇ? ನಮ್ಮ ಆಫೀಸಿನವರು ಉತ್ತರವನ್ನು ಸಿದ್ಧಪಡಿಸಿ, ಪ್ಯಾಕೇಜಿನ ಹೊಣೆಗಾರ ಎಂದು ಸಹಿ ಹಾಕಲು ನನ್ನ ಮುಂದಿಟ್ಟರು. ಬಿಡುಗಡೆಗೆ ಮುನ್ನ ಎಲ್ಲ ಪರೀಕ್ಷೆಗಳಲ್ಲೂ ತಂತ್ರಾಂಶ ಉತ್ತೀರ್ಣವಾಗಿತ್ತು ಎಂದಷ್ಟೇ ಅದರಲ್ಲಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಕನ್ನಡ ಮೂಕವಾಗಿತ್ತು ಎಂದು ಸೇರಿಸಿದರೆ ಸಹಿ ಹಾಕುತ್ತೇನೆ ಎಂದೆ. ಸೇರಿಸಲಿಲ್ಲ, ಶ್ರೀಕಂಠ ತಾವೇ ಸಹಿ ಮಾಡಿ ಕಳಿಸಿದರು. ನಾನು ಬೇರೆಯಾಗಿ ನನ್ನ ಹೆಸರಿನಲ್ಲಿ ಕೇಂದ್ರಕ್ಕೆ ಬರೆದೆ. ಕಂಪನಿಯ ಅಧಿಕೃತ ಉತ್ತರ ಬಂದಿದೆ, ಖಾಸಗಿ ಅಭಿಪ್ರಾಯವನ್ನು ಪರಿಗಣಿಸಲಾಗದು ಎಂದರು. ಮನವಿ ತಿರಸ್ಕೃತವಾಯಿತು.

ಮುಂದಿನ ಬಿಡುಗಡೆಯಲ್ಲಿ ಹೊಸ ಪ್ರೋಗ್ರಾಂ ಬಂತು, ಕನ್ನಡ ಇಂಪಾಗಿ ಮಾತಾಡಿತು. ಕನ್ನಡ ಮೂಕವಾಗಿದೆ ಎಂದು ನಾನು ದಾಖಲಿಸಿದ್ದ ದೂರನ್ನು ವ್ಯವಸ್ಥೆ ತಾನಾಗಿಯೇ ಮುಗಿಯಿತೆಂದು ಮುಚ್ಚಿತು: ಹೊಸ ಆವೃತ್ತಿಯಲ್ಲಿ ಸರಿಹೋಗಿದೆ. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ಅತಿಥಿಗಳನ್ನು ಆ ಧ್ವನಿಯಿಂದಲೇ ಸ್ವಾಗತಿಸಿದರು. ನಾನು ಕೇಕ್ ಮುಟ್ಟಲಿಲ್ಲ. ಅದೇ ತಿಂಗಳು ರಾಜೀನಾಮೆ ಕೊಟ್ಟು ಬೇರೊಂದು ವಿತರಣೆಗೆ ಮನೆಯಿಂದಲೇ ಕೆಲಸ ಮಾಡತೊಡಗಿದೆ.

ಭಾಗ್ಯ ಈಗ ಮೈಸೂರಿನ ಅಗ್ರಹಾರದಲ್ಲಿ ಚಿಕ್ಕಪ್ಪನ ಮಗನ ಪೂಜಾ ಸಾಮಾನಿನ ಗ್ರಂದಿಗೆ ಅಂಗಡಿಯಲ್ಲಿ ಫೋನ್ ಆರ್ಡರುಗಳನ್ನು ಬರೆದುಕೊಳ್ಳುತ್ತಾಳೆ. ಸಂಬಳವೆಂದು ಇಲ್ಲ, ಕೊಟ್ಟಷ್ಟು. ಅಲ್ಲಿನ ಹಳೆಯ ಕಂಪ್ಯೂಟರಿಗೆ ಹೊಸ ವಿತರಣೆ ಹಾಕಿಕೊಡಲು ಹೋಗಿದ್ದೆ. ಅರಿಶಿನ, ಕರ್ಪೂರದ ವಾಸನೆಯ ನಡುವೆ ಕೂತು ಆಕೆ ಹೊಸ ಧ್ವನಿಯನ್ನು ಬಹಳ ಹೊತ್ತು ಕೇಳಿದಳು.

‘ಚೆನ್ನಾಗ್ ಓದ್ತಾಳೆ ಸಾರ್ ಈವಮ್ಮ,’ ಎಂದಳು. ‘ಅವತ್ತೊಂದಿನ ಬಾಯಿ ಬುಟ್ಟಿದ್ರೆ ಆಗಿತ್ತು.’

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಯಾವುದನ್ನೇ ಆಗಲಿ ಒಳಗೆ ಬಿಟ್ಟುಕೊಳ್ಳುವ ಮೊದಲು, ಅದು ಕೆಟ್ಟರೆ ಹೊರಗೆ ಹಾಕುವುದು ಹೇಗೆ, ಹಾಕುವವರು ಯಾರು ಎಂದು ಕೇಳಿಕೊಳ್ಳಬೇಕು. ನನ್ನ ಪ್ಯಾಕೇಜುಗಳಲ್ಲಿ ಈಗ ಅಲ್ಲಲ್ಲಿ ಎಪೋಕ್ ಇದೆ. ಹೊಸದಾಗಿ ಸೇರಿದವರು ನೋಡಿ ನಗುತ್ತಾರೆ, ನಗಲಿ. ಹಳೆಯ ಕಂಪನಿಯ ಆ ಧ್ವನಿಯ ಪ್ಯಾಕೇಜನ್ನೂ ಆಗಾಗ ತೆಗೆದು ನೋಡುತ್ತೇನೆ. ಅದರ ಸಂಖ್ಯೆಯ ಮುಂದೆ ಇವತ್ತಿಗೂ ಏನೂ ಇಲ್ಲ. ತುಂಬ ಸ್ವಚ್ಛವಾಗಿದೆ.